ಕೊಳ್ಳಿ ಹಿಂದಕ್ಕೆ ಎಳೆಯಲಾಗದ ಒಲೆ: ವರ್ಮಾಂಟ್‌ನಲ್ಲಿ ಒಂದು ರಾತ್ರಿ

2023ರ ಫೆಬ್ರವರಿ 3, ಶುಕ್ರವಾರ. ರಾತ್ರಿ ಒಂಬತ್ತೂವರೆ. ಕರೆಂಟ್ ಹೋಗಿ ಅರ್ಧ ಗಂಟೆಯಾಗಿತ್ತು. ಮಗುವಿಗೆ ಹಾಲು ಕೊಡುತ್ತಾ ನಡುಮನೆಯಲ್ಲಿ ಕೂತಿದ್ದೆ. ಕತ್ತಲಲ್ಲಿ ಒಲೆಯ ಕೊಳವೆ ಕಾಣಿಸಿತು. ಅದು ಕಾಣಿಸಬಾರದಿತ್ತು. ಕಪ್ಪು ಬಣ್ಣದ ಕೊಳವೆ ಅದು. ಆದರೆ ಬುಡದಲ್ಲಿ ಒಂದು ಗೇಣಿನಷ್ಟು ಭಾಗ ಕುಲುಮೆಯಿಂದ ತೆಗೆದ ಕಬ್ಬಿಣದ ಹಾಗೆ ಮಂದ ಕೆಂಪಾಗಿತ್ತು.

ಯಾರಿಗೂ ಏನೂ ಆಗಲಿಲ್ಲ. ಒಂದು ಒಲೆ ಹಾಳಾಯಿತು, ಮಗುವಿನ ನಾಲ್ಕು ಬಟ್ಟೆ ಕಂದಿದವು, ಅಷ್ಟೇ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ಮನೆಯಲ್ಲಿದ್ದ ಮೂವರು ದೊಡ್ಡವರೂ ಬೆಂಕಿ ಗೊತ್ತಿದ್ದವರು. ತೀರ್ಥಹಳ್ಳಿ ಕಡೆಯವರು ನಾವು, ಬಚ್ಚಲ ಒಲೆ ಮುಂದೆ ಮೈ ಕಾಯಿಸಿಕೊಂಡು ಬೆಳೆದವರು. ನಮಗೆ ಗೊತ್ತಿದ್ದ ವಿದ್ಯೆಯೇ ಇಲ್ಲಿ ಕೈಕೊಟ್ಟಿತು.

ಮನೆ, ಒಲೆ, ಸೌದೆ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ನಾವು ಹಳೆಯ ಮರದ ಮನೆ ಕೊಂಡದ್ದು 2022ರ ಬೇಸಿಗೆಯಲ್ಲಿ. ಮನೆ ಬಿಸಿ ಮಾಡಲು ಪ್ರೊಪೇನ್ ಗ್ಯಾಸಿನ ಯಂತ್ರವಿತ್ತು. ಅದರ ಜೊತೆಗೆ ನಡುಮನೆಯಲ್ಲಿ ಎರಕದ ಕಬ್ಬಿಣದ ಸೌದೆ ಒಲೆ. ಎದುರಿಗೆ ಗಾಜಿನ ಬಾಗಿಲು. ಒಳಗೆ ಜಾಲರಿ, ಜಾಲರಿಯ ಕೆಳಗೆ ಬೂದಿ ತಟ್ಟೆ, ಆ ತಟ್ಟೆಗೆ ಬೇರೆಯದೇ ಪುಟ್ಟ ಬಾಗಿಲು. ಪಕ್ಕದಲ್ಲಿ ಗಾಳಿ ಬಿಡುವ ಹಿಡಿಕೆ. ಹಿಂದಿನವರು ಇಪ್ಪತ್ತೈದು ವರ್ಷ ಉರಿಸಿದ್ದರಂತೆ.

ಮನೆ ಕೈ ಬದಲಾದಾಗ ಚಿಮಣಿಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಬೇಕು. ಅಮೆರಿಕದ ಬೆಂಕಿ ಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 211 ಅದನ್ನು ಎರಡನೇ ಹಂತದ ತಪಾಸಣೆ ಎನ್ನುತ್ತದೆ. ನಾವು ಮಾಡಿಸಲಿಲ್ಲ. ಒಲೆ ಚೆನ್ನಾಗಿ ಉರಿಯುತ್ತಿದೆಯಲ್ಲ, ಇನ್ನೇನು ಎಂದುಕೊಂಡೆವು.

ಅಕ್ಟೋಬರ್‌ನಲ್ಲಿ ಮೂರು ಕಾರ್ಡ್ ಮೇಪಲ್ ಸೌದೆ ತರಿಸಿದೆವು. ಕಾರ್ಡ್ ಅಂದರೆ 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದದ ಒಟ್ಟಿಲು, 128 ಘನ ಅಡಿ. ಒಣಗಿದ್ದು ಎಂದೇ ಕೊಟ್ಟಿದ್ದರು. ತುದಿಯಲ್ಲಿ ಬಿರುಕು ಬಿಟ್ಟಿತ್ತು, ನಾವೂ ನಂಬಿದೆವು. ಆದರೆ ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬರುತ್ತಿತ್ತು, ಚುಯ್ ಅನ್ನುತ್ತಿತ್ತು. ಊರಿನಲ್ಲಾದರೆ ಅಮ್ಮ ಆ ಸದ್ದಿಗೇ ಸೌದೆ ವಾಪಸ್ ಅಟ್ಟಕ್ಕೆ ಹಾಕಿಸುತ್ತಿದ್ದಳು. ನಾವು ಮಾತ್ರ ಅದನ್ನೇ ಎರಡೂವರೆ ತಿಂಗಳು ಉರಿಸಿದೆವು. ಅದೂ ಹೇಗೆ? ನಮಗೆ ಆ ಒಲೆ ಹೊಸದು, ಭಯ. ಹಾಗಾಗಿ ರಾತ್ರಿ ಮಲಗುವ ಮುಂಚೆ ಗಾಳಿ ಹಿಡಿಕೆ ಪೂರ್ತಿ ಮುಚ್ಚಿ, ಸಣ್ಣಗೆ ಹೊಗೆಯಾಡುವ ಹಾಗೆ ಬಿಡುತ್ತಿದ್ದೆವು. ಸಣ್ಣ ಬೆಂಕಿಯಿಂದ ಅಪಾಯವಿಲ್ಲ ಎಂಬ ಲೆಕ್ಕ. ಈ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಜನವರಿಯಲ್ಲಿ ಮಗು ಹುಟ್ಟಿತು. ಬಾಣಂತನಕ್ಕೆ ಅಮ್ಮ ಬಂದಳು. ಅಷ್ಟರಲ್ಲಿ ಹಸಿ ಸೌದೆ ಮುಗಿದಿತ್ತು. ಬಾಣಂತಿ ಇರುವ ಮನೆ ಎಂದು ಈ ಸಲ ಬಿಸಿ ಗೂಡಿನಲ್ಲಿಟ್ಟು ಒಣಗಿಸಿದ ಸೌದೆ ತರಿಸಿದೆವು. ಸಣ್ಣಗೆ ಸೀಳಿದ ಹೋಳುಗಳು. ಒಂದಕ್ಕೊಂದು ತಾಗಿಸಿದರೆ ಬಿದಿರಿನ ಹಾಗೆ ಟಣ್ ಅನ್ನುತ್ತಿದ್ದವು. ಸೌದೆ ಬದಲಾಯಿತು, ನಮ್ಮ ಅಭ್ಯಾಸ ಬದಲಾಗಲಿಲ್ಲ.

ಎರಡು ಒಲೆ, ಎರಡು ಲಗಾಮು

ಊರಿನ ಬಚ್ಚಲ ಒಲೆ ನೋಡಿದವರಿಗೆ ಗೊತ್ತು. ಹಂಡೆಯ ಕೆಳಗಿನ ಬಾಯಿ ಯಾವಾಗಲೂ ತೆರೆದೇ ಇರುತ್ತದೆ. ಉದ್ದದ ಕುಂಟೆಯ ಅರ್ಧ ಒಳಗೆ, ಅರ್ಧ ಹೊರಗೆ. ಉರಿ ಬೇಕಾದರೆ ಮುಂದಕ್ಕೆ ತಳ್ಳು, ಸಾಕಾದರೆ ಹಿಂದಕ್ಕೆ ಎಳೆ. ಗಾಳಿಗೆ ಅಲ್ಲಿ ಬರವಿಲ್ಲ. ಊದುಗೊಳವೆಯಲ್ಲಿ ಇನ್ನಷ್ಟು ಕೊಡುತ್ತೇವೆ, ಕಡಿಮೆ ಮಾಡುವ ಮಾತೇ ಇಲ್ಲ. ಬೆಂಕಿಯ ಲಗಾಮು ಇರುವುದು ಸೌದೆಯಲ್ಲಿ.

ಮುಚ್ಚಿದ ಒಲೆಯಲ್ಲಿ ಇದು ತಿರುವುಮುರುವು. ಒಮ್ಮೆ ಸೌದೆ ತುಂಬಿ ಬಾಗಿಲು ಹಾಕಿದ ಮೇಲೆ ಅದನ್ನು ಎಳೆಯಲು ಆಗುವುದಿಲ್ಲ. ಬಿಸಿಯಾದ ಸೌದೆ ಉರಿಯುವ ಅನಿಲ ಬಿಡುತ್ತಲೇ ಇರುತ್ತದೆ. ಅದು ಎಷ್ಟು ಜೋರಾಗಿ ಉರಿಯಬೇಕು ಅನ್ನುವುದನ್ನು ಒಳಗೆ ಹೋಗುವ ಗಾಳಿ ನಿರ್ಧರಿಸುತ್ತದೆ. ಅಲ್ಲಿ ಲಗಾಮು ಗಾಳಿಯಲ್ಲಿದೆ.

ಇದು ಪುಸ್ತಕದಲ್ಲಿ ಓದಿದರೆ ಒಂದು ನಿಮಿಷದ ವಿಷಯ. ಕೈಗೆ ಬರುವುದು ಬೇರೆ ಮಾತು. ಬೆಳಗ್ಗೆ ಬೆಂಕಿ ಬೇಗ ಹಿಡಿಯಲಿ ಎಂದು ನನ್ನ ಗಂಡ ಕೆಳಗಿನ ಬೂದಿ ಬಾಗಿಲನ್ನು ಒಂದು ಬೆರಳಷ್ಟು ತೆರೆದಿಡುತ್ತಿದ್ದರು. ಜಾಲರಿಯ ಕೆಳಗಿನಿಂದ ಗಾಳಿ ನುಗ್ಗಿ ಎರಡೇ ನಿಮಿಷದಲ್ಲಿ ಧಗ್ ಅಂತ ಹತ್ತಿಕೊಳ್ಳುತ್ತಿತ್ತು. ಒಲೆಯ ಕೈಪಿಡಿಯಲ್ಲಿ ಇದನ್ನು ಮಾಡಲೇಬೇಡಿ ಎಂದು ಇತ್ತು. ಕೆಂಡದ ಕೆಳಗಿನಿಂದ ಗಾಳಿ ಕೊಡುವುದು ಕಮ್ಮಾರನ ತಿದಿಯ ಕೆಲಸ. ಆದರೆ ಐದು ನಿಮಿಷಕ್ಕೆ ಏನಾಗುತ್ತದೆ, ಅಲ್ವಾ? ಅಮ್ಮ ದಿನಾ ಇದನ್ನು ನೋಡುತ್ತಿದ್ದಳು. ಈ ಒಲೆ ಹೀಗೆ ಹಚ್ಚುವುದು ಎಂದು ಕಲಿತಳು. ಆದ್ದರಿಂದ ಮುಂದೆ ಹೇಳುವುದನ್ನು ಓದಿ ಯಾರೂ ಅಮ್ಮನನ್ನು ದೂರಬೇಡಿ. ಕಲಿಸಿದವರು ನಾವು.

ಆ ರಾತ್ರಿ

ಆ ವಾರಾಂತ್ಯದ ಚಳಿ ಇಲ್ಲಿಯವರಿಗೆ ಇನ್ನೂ ನೆನಪಿದೆ. ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ ಉಷ್ಣಾಂಶ ಮೈನಸ್ 44 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಗಾಳಿಯ ಹೊಡೆತ ಸೇರಿಸಿದರೆ ಮೈಗೆ ಮೈನಸ್ 78ರ ಚಳಿ. ನಮ್ಮ ಅಂಗಳದ ಥರ್ಮಾಮೀಟರ್ ಮೈನಸ್ 26 ತೋರಿಸುತ್ತಿತ್ತು.

ಒಂಬತ್ತಕ್ಕೆ ಕರೆಂಟ್ ಹೋಯಿತು. ಗ್ಯಾಸ್ ಯಂತ್ರಕ್ಕೂ ಕರೆಂಟ್ ಬೇಕು, ಅದೂ ನಿಂತಿತು. ಉಳಿದದ್ದು ಸೌದೆ ಒಲೆ ಒಂದೇ. ಗಂಡ ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿದರು, ನೀರಿನ ಪೈಪ್ ಹೆಪ್ಪುಗಟ್ಟುತ್ತಿದೆಯೋ ನೋಡಲು. ಅಮ್ಮ ಒಲೆಯ ಮುಂದೆ ಕೂತಳು. ಕೆಂಡ ನಿಗಿನಿಗಿ ಅನ್ನುತ್ತಿತ್ತು. ಅದರ ಮೇಲೆ ಎಂಟು ಒಂಬತ್ತು ಸಣ್ಣ ಹೋಳು ಪೇರಿಸಿದಳು. ಗಾಜಿನ ಬಾಗಿಲು ಹಾಕಿದಳು. ಬೂದಿ ಬಾಗಿಲನ್ನು ಬೆರಳಷ್ಟು ತೆರೆದಳು. ಅಷ್ಟರಲ್ಲಿ ಮಗು ಅತ್ತಿತು, ಅವಳು ಬಟ್ಟೆ ಬದಲಾಯಿಸಲು ಎದ್ದಳು. ಬಾಗಿಲು ಹಾಗೇ ಉಳಿಯಿತು.

ಮೊದಲು ಸದ್ದು ಬಂತು. ಹೊರಗೆ ಗಾಳಿ ಭೋರ್ಗರೆಯುತ್ತಿತ್ತು, ಅದೇ ಇರಬೇಕು ಎಂದುಕೊಂಡೆ. ಆಮೇಲೆ ಕೊಳವೆ ಟಿಕ್ ಟಿಕ್ ಅನ್ನತೊಡಗಿತು. ಸುಟ್ಟ ಬಣ್ಣದ ವಾಸನೆ. ಒಲೆಯಿಂದ ಎರಡಡಿ ದೂರದಲ್ಲಿ ಮಡಚುವ ಸ್ಟ್ಯಾಂಡಿನ ಮೇಲೆ ಮಗುವಿನ ಬಟ್ಟೆ ಒಣಗಲು ಹಾಕಿದ್ದೆವು, ಅದರಿಂದ ಇಸ್ತ್ರಿ ಪೆಟ್ಟಿಗೆ ಮರೆತಾಗ ಬರುವ ವಾಸನೆ. ತಿರುಗಿ ನೋಡಿದಾಗ ಕಂಡದ್ದು ಆ ಕೆಂಪು.

ಕಬ್ಬಿಣ ಕತ್ತಲಲ್ಲಿ ಕೆಂಪಾಗಿ ಕಾಣಬೇಕಾದರೆ ಅದು ಹತ್ತಿರ ಹತ್ತಿರ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ನಮ್ಮಂಥ ಒಂದೇ ಪದರದ ಕೊಳವೆಯ ಹೊರಮೈ ಸಾಮಾನ್ಯವಾಗಿ 120ರಿಂದ 245 ಡಿಗ್ರಿ ಒಳಗೆ ಇರಬೇಕು. ಅದಕ್ಕೆ ಅಂಟಿಸಿದ ಅಯಸ್ಕಾಂತದ ಥರ್ಮಾಮೀಟರಿನ ಮುಳ್ಳು ಅಂಕಿಗಳನ್ನೆಲ್ಲ ದಾಟಿ ಕೊನೆಗೆ ಒತ್ತಿ ನಿಂತಿತ್ತು. ದೀಪ ಉರಿಯುತ್ತಿದ್ದರೆ ಆ ಮಂದ ಕೆಂಪು ನನ್ನ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ಕರೆಂಟ್ ಹೋದದ್ದೇ ಒಳ್ಳೆಯದಾಯಿತು ಎಂದು ಈಗಲೂ ಅನ್ನಿಸುತ್ತದೆ.

ಅಮ್ಮ ಚೊಂಬು ಹಿಡಿದು ನೀರಿಗೆ ಓಡಿದಳು. ನಾನು ಕಿರುಚಿದೆ.

"ಅಮ್ಮಾ, ನೀರು ಹಾಕಬೇಡ! ಒಲೆ ಒಡೆದು ಹೋಗತ್ತೆ!"

"ಹಾಗಾದ್ರೆ ಸೌದೆ ಹೊರಗೆ ಎಳಿ ಮಾರಾಯ್ತಿ!"

"ಹೇಗೆ ಎಳೆಯೋದು? ಬಾಗಿಲು ತೆಗೆದ್ರೆ ಇನ್ನೂ ಜೋರಾಗತ್ತೆ!"

ಅವಳು ಒಂದು ಕ್ಷಣ ಸುಮ್ಮನೆ ನಿಂತಳು. ಐವತ್ತು ವರ್ಷ ಒಲೆ ಉರಿಸಿದ ಹೆಂಗಸು. ಅವಳಿಗೆ ಗೊತ್ತಿದ್ದ ಎರಡೂ ದಾರಿ ಮುಚ್ಚಿದ್ದವು. ಅಷ್ಟರಲ್ಲಿ ಗಂಡ ಮೇಲೆ ಬಂದರು. ಕೆಂಡ ಕೆದಕುವ ಕಬ್ಬಿಣದ ಸರಳಿನಿಂದ ಬೂದಿ ಬಾಗಿಲು ತಳ್ಳಿ ಮುಚ್ಚಿದರು. ಗಾಳಿ ಹಿಡಿಕೆ ಪೂರ್ತಿ ಒತ್ತಿದರು. ಆ ಭೋರ್ ಸದ್ದು ಹತ್ತು ಸೆಕೆಂಡಿನಲ್ಲಿ ಅರ್ಧಕ್ಕೆ ಇಳಿಯಿತು. ಆದರೆ ಪೂರ್ತಿ ನಿಲ್ಲಲಿಲ್ಲ. ಎರಡೂ ಬಾಗಿಲು ಮುಚ್ಚಿದೆ, ಹಿಡಿಕೆ ಮುಚ್ಚಿದೆ, ಆದರೂ ಎಲ್ಲಿಂದಲೋ ಗಾಳಿ ಹೋಗುತ್ತಲೇ ಇದೆ.

ಕೆಂಪು ಮಾಯವಾಗಲು ಐದು ನಿಮಿಷ ಬೇಕಾಯಿತು. ಮುಳ್ಳು ಸರಿಯಾದ ಜಾಗಕ್ಕೆ ಇಳಿಯಲು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಬಟ್ಟೆ ಸ್ಟ್ಯಾಂಡ್, ಕುರ್ಚಿ, ಸೌದೆ ಬುಟ್ಟಿ ಎಲ್ಲ ದೂರ ಎಳೆದೆವು. ಗಂಡ ಹೊರಗೆ ಹೋಗಿ ಚಿಮಣಿಯ ತುದಿ ನೋಡಿದರು. ಕಿಡಿ ಇರಲಿಲ್ಲ, ಜ್ವಾಲೆ ಇರಲಿಲ್ಲ. ಕಾರನ್ನು ಬಯಲಲ್ಲಿ ಚಾಲೂ ಮಾಡಿಟ್ಟು ಬಂದರು. ನಾನು ಮಗುವನ್ನು ಮೂರು ಸುತ್ತು ಸುತ್ತಿ ಬಾಗಿಲ ಬಳಿ ನಿಂತೆ. ಅಷ್ಟು ಚಳಿಗೆ ಒಂದು ತಿಂಗಳೂ ತುಂಬದ ಕೂಸನ್ನು ಒಯ್ಯುವುದೋ, ಒಳಗೆ ಇರುವುದೋ. ಆ ನಿಲುವು ಯಾರಿಗೂ ಬೇಡ.

ಒಂದು ಕೆಲಸ ಮಾಡಲಿಲ್ಲ. ಇಲ್ಲಿಯ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಲಿಲ್ಲ. ಬೆಂಕಿ ಹೊರಗೆ ಬಂದಿಲ್ಲವಲ್ಲ, ಈ ಚಳಿಯಲ್ಲಿ ಪಾಪ ಅಗ್ನಿಶಾಮಕದವರನ್ನು ಯಾಕೆ ಎಬ್ಬಿಸುವುದು ಎಂಬ ಸಂಕೋಚ. ನಮ್ಮ ಜನಕ್ಕೆ ಇದು ಇದ್ದದ್ದೇ. ಚಿಮಣಿಯ ಒಳಗೆ ಹೊತ್ತಿಕೊಂಡ ಬೆಂಕಿ ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ. ಕೊಳವೆ ಕೆಂಪಾಯಿತೆಂದರೆ ಗಾಳಿ ಮುಚ್ಚು, ಮನೆಯವರನ್ನು ಹೊರಡಿಸು, ಫೋನ್ ಮಾಡು. ನಾವು ಮೊದಲನೆಯದನ್ನು ಮಾತ್ರ ಸರಿಯಾಗಿ ಮಾಡಿದೆವು.

ಚಿಮಣಿ ಗುಡಿಸುವವರು ಕಂಡದ್ದು

ಆಮೇಲೆ ಹನ್ನೊಂದು ದಿನ ಒಲೆ ಮುಟ್ಟಲಿಲ್ಲ. ಕರೆಂಟ್ ಮಧ್ಯರಾತ್ರಿಗೇ ಬಂದಿತ್ತು, ಬಚಾವಾದೆವು. ಹನ್ನೆರಡನೇ ದಿನ ಚಿಮಣಿ ಗುಡಿಸುವವರು ಕ್ಯಾಮೆರಾ ತಂದರು.

ಬೂದಿ ಬಾಗಿಲಿನ ಸುತ್ತ ಗಾಜಿನ ನಾರಿನ ಹಗ್ಗವೊಂದು ಇರುತ್ತದೆ, ಗಾಳಿ ಒಳಗೆ ಹೋಗದ ಹಾಗೆ. ನಮ್ಮದರಲ್ಲಿ ಅದು ಚಪ್ಪಟೆಯಾಗಿ ಕಲ್ಲಾಗಿತ್ತು. ಒಂದು ಮೂಲೆಯಲ್ಲಿ ಎರಡಿಂಚು ಉದುರಿಯೇ ಹೋಗಿತ್ತು. ಅಂದರೆ ನಾವು ಬಾಗಿಲು ಮುಚ್ಚಿದರೂ ಒಲೆ ಉಸಿರಾಡುತ್ತಲೇ ಇತ್ತು. ಅವರು ನೋಟೊಂದು ಕೇಳಿದರು. ಅಮ್ಮನ ಪರ್ಸಿನಲ್ಲಿ ಹತ್ತು ರೂಪಾಯಿ ಇತ್ತು. ಅದನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದರು. ಬಿಗಿಯಾಗಿ ಹಿಡಿಯಬೇಕಿತ್ತು, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಸುತ್ತಲೂ ಹೀಗೆ ನೋಡಿದರೆ ಎಲ್ಲಿ ಸಡಿಲ ಎಂದು ತಿಳಿಯುತ್ತದೆ. ಆ ಹಗ್ಗದ ಬೆಲೆ ಆಗ ಇಪ್ಪತ್ತು ಡಾಲರ್ ಕೂಡ ಇರಲಿಲ್ಲ.

ಒಲೆಯೊಳಗೆ ಮೇಲುಗಡೆ ಜ್ವಾಲೆ ನೇರ ಚಿಮಣಿಗೆ ಹೋಗದಂತೆ ತಡೆಯುವ ಉಕ್ಕಿನ ತಗಡು ಇರುತ್ತದೆ. ಅದು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಹಿಂಬದಿಯ ಎರಕದಲ್ಲಿ ಕೂದಲೆಳೆಯ ಬಿರುಕು. ಎರಕದ ಕಬ್ಬಿಣದ ಬಿರುಕಿಗೆ ಮನೆಯಲ್ಲಿ ಮಾಡುವ ಮದ್ದಿಲ್ಲ. ಒಲೆಯ ಕತೆ ಅಲ್ಲಿಗೆ ಮುಗಿಯಿತು.

ನಮ್ಮನ್ನು ನಿಜಕ್ಕೂ ಹೆದರಿಸಿದ್ದು ಚಿಮಣಿಯ ಮೇಲಿನ ಅರ್ಧ. ಒಳಗೆ ಕಾಲಿಂಚು ದಪ್ಪ ಕರಿ ಅಂಟು ಹಿಡಿದಿತ್ತು, ಕೆಲವು ಕಡೆ ಡಾಂಬರಿನ ಹಾಗೆ ಮಿರಿಮಿರಿ. ಕ್ರಿಯೊಸೋಟ್ ಎನ್ನುತ್ತಾರೆ. ಎಂಟನೇ ಒಂದು ಇಂಚು ಕೂತರೇ ಗುಡಿಸಬೇಕು ಎನ್ನುವುದು ಅವರ ಲೆಕ್ಕ. ಅದು ಪೂರ್ತಿ ಸುಡದ ಹೊಗೆ ತಣ್ಣನೆಯ ಚಿಮಣಿಗೆ ತಾಗಿ ಗಟ್ಟಿಯಾದದ್ದು. ಹಸಿ ಸೌದೆ ಅದನ್ನು ಕೊಡುತ್ತದೆ. ಗಾಳಿ ಮುಚ್ಚಿ ಹೊಗೆಯಾಡಿಸಿದರೆ ಇನ್ನೂ ಜಾಸ್ತಿ ಕೊಡುತ್ತದೆ. ಅಂದರೆ ಅಕ್ಟೋಬರ್‌ನಿಂದ ನಾವು "ಸುರಕ್ಷಿತವಾಗಿ" ಉರಿಸಿದ ಸಣ್ಣ ಬೆಂಕಿ ಚಿಮಣಿಗೆ ಎಣ್ಣೆ ಬಳಿಯುತ್ತಿತ್ತು. ಫೆಬ್ರವರಿ 3ರಂದು ಅದಕ್ಕೆ ಕಡ್ಡಿ ಗೀರಿದೆವು. ಅದು ಹತ್ತಿಕೊಳ್ಳಲಿಲ್ಲ, ನಮ್ಮ ಪುಣ್ಯ. ಹತ್ತಿದ್ದರೆ ಚಿಮಣಿಯೊಳಗೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬಹುದಿತ್ತು. ಒಲೆಗೆಂದು ಮಾಡಿದ ಉಕ್ಕಿನ ಚಿಮಣಿಗಳನ್ನು ಅಮೆರಿಕದಲ್ಲಿ ಸುಮಾರು 1150 ಡಿಗ್ರಿಯಲ್ಲಿ ಹತ್ತು ಹತ್ತು ನಿಮಿಷ ಮೂರು ಸಲ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಸಣ್ಣ ವಿಷಯ. ಕೊಳವೆಯ ಹಿಂದೆ ಅಲಂಕಾರಕ್ಕೆ ಮರದ ಹಲಗೆ ಇತ್ತು, ಕೊಳವೆಯಿಂದ ಹದಿನಾಲ್ಕು ಇಂಚು. ಒಂದೇ ಪದರದ ಕೊಳವೆಗೆ ಹದಿನೆಂಟು ಇಂಚು ಬೇಕು. ಹಲಗೆಯ ಅಡಿ ಭಾಗ ಕಂದಾಗಿತ್ತು. ಅದು ಒಂದೇ ರಾತ್ರಿಯ ಕೆಲಸವಲ್ಲ. ವರ್ಷಗಟ್ಟಲೆ ಬಿಸಿ ತಿಂದ ಮರ ಒಳಗೊಳಗೇ ಇದ್ದಲಿನ ಹಾಗಾಗುತ್ತದೆ, ಆಮೇಲೆ ಕಡಿಮೆ ಶಾಖಕ್ಕೂ ಹೊತ್ತಿಕೊಳ್ಳಬಲ್ಲದು. ಬಟ್ಟೆ ಸ್ಟ್ಯಾಂಡಿಗೆ ಮೂರಡಿ ದೂರ ಬೇಕಿತ್ತು, ನಾವು ಎರಡಡಿ ಕೊಟ್ಟಿದ್ದೆವು.

ಚಳಿಯ ಪಾಲು ಎಷ್ಟು

ಗೆಳೆಯರಿಗೆ ಹೇಳಿದಾಗ ಎಲ್ಲರೂ "ಅಯ್ಯೋ, ಆ ದಿನದ ಚಳಿ, ಗಾಳಿ ಹಾಗಿತ್ತು" ಎಂದರು. ನಾನು ಲೆಕ್ಕ ಹಾಕಿ ನೋಡಿದೆ. ಚಿಮಣಿ ಎಳೆಯುವುದು ಒಳಗಿನ ಬಿಸಿ ಗಾಳಿ ಹಗುರ, ಹೊರಗಿನ ತಣ್ಣನೆ ಗಾಳಿ ಭಾರ ಎಂಬ ಕಾರಣಕ್ಕೆ. ಹೊರಗೆ ಸೊನ್ನೆ ಡಿಗ್ರಿ ಇದ್ದಾಗಿಗಿಂತ ಮೈನಸ್ 26 ಇದ್ದಾಗ, ಹೊಗೆ 250 ಡಿಗ್ರಿ ಇದೆ ಎಂದುಕೊಂಡರೆ, ಆ ಎಳೆತ ಸುಮಾರು ಐದನೇ ಒಂದು ಭಾಗ ಹೆಚ್ಚಾಗುತ್ತದೆ. ಕಡಿಮೆಯೇನಲ್ಲ. ಆದರೆ ಕೊಳವೆ ಕೆಂಪಾಗಿಸುವಷ್ಟೂ ಅಲ್ಲ. ಹೊಗೆ ಬಿಸಿಯಾದಷ್ಟೂ ಎಳೆತ ಹೆಚ್ಚು, ಎಳೆತ ಹೆಚ್ಚಾದಷ್ಟೂ ತೆರೆದ ಬಾಗಿಲಿನಿಂದ ಗಾಳಿ ಹೆಚ್ಚು, ಗಾಳಿ ಹೆಚ್ಚಾದಷ್ಟೂ ಉರಿ ಹೆಚ್ಚು. ಆ ಸುತ್ತು ಶುರುವಾಗಲು ತೆರೆದ ಬಾಗಿಲು ಬೇಕು. ಅದನ್ನು ನಾವು ಕೊಟ್ಟೆವು. ಸಣ್ಣ ಹೋಳು, ಒಣ ಸೌದೆ, ದಪ್ಪ ಕೆಂಡ ಅದಕ್ಕೆ ಜೊತೆಯಾದವು. ಚಳಿಯ ಪಾಲು ಕೊನೆಯದು.

ಈಗ ಹೇಗೆ ಉರಿಸುತ್ತೇವೆ

ಆ ಚಳಿಗಾಲ ಗ್ಯಾಸಿನಲ್ಲೇ ಕಳೆಯಿತು. 2023ರ ಶರತ್ಕಾಲದಲ್ಲಿ ಹೊಸ ಒಲೆ ಹಾಕಿಸಿದೆವು. ಅದಕ್ಕೆ ಬೂದಿ ಬಾಗಿಲೇ ಇಲ್ಲ, ಬೇಕೆಂದೇ ಅಂಥದ್ದು ಆರಿಸಿದೆ. ಮೇಲೆ ಎರಡು ಪದರದ ಕೊಳವೆ. ಇಂಥ ಕೊಳವೆಯ ಹೊರಮೈ ಮುಟ್ಟಿ ಒಳಗಿನ ಬಿಸಿ ತಿಳಿಯುವುದಿಲ್ಲ. ಒಳಗೆ ಕಡ್ಡಿ ಇಳಿಸುವ ಥರ್ಮಾಮೀಟರ್ ಬೇಕು. ಅದರ ಅಂಕಿಗಳೇ ಬೇರೆ. ಹಳೆಯ ಅಯಸ್ಕಾಂತದ್ದನ್ನು ಇದರ ಮೇಲೆ ಅಂಟಿಸಿ ನಿಶ್ಚಿಂತೆಯಾಗಿ ಕೂರುವವರನ್ನು ನೋಡಿದ್ದೇನೆ.

ತೇವ ಅಳೆಯುವ ಮೀಟರ್ ಒಂದು ಕೊಂಡೆವು. ಹೋಳಿನ ಹೊರಮೈಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ. ಹೋಳನ್ನು ಮನೆಯೊಳಗೆ ತಂದಿಟ್ಟು, ಆಗಷ್ಟೇ ಸೀಳಿ, ಒಳಮೈಗೆ ಚುಚ್ಚಬೇಕು. 20 ಶೇಕಡಕ್ಕಿಂತ ಕೆಳಗಿದ್ದರೆ ಒಲೆಗೆ. ಅಂಗಳದಲ್ಲಿ ಉಳಿದಿದ್ದ ಹಳೆಯ ಮೇಪಲ್ ಹೋಳೊಂದು 31 ತೋರಿಸಿತು.

ಬೆಂಕಿ ಹಿಡಿಯುವವರೆಗೆ ಗಾಳಿ ಪೂರ್ತಿ ಬಿಡುತ್ತೇವೆ, ಆಮೇಲೆ ಎರಡು ಮೂರು ಹಂತದಲ್ಲಿ ಇಳಿಸುತ್ತೇವೆ. ಜ್ವಾಲೆ ಕಾಣುತ್ತಲೇ ಇರಬೇಕು, ಬರೀ ಹೊಗೆ ಆಗಬಾರದು. ತುಂಬ ಬಿಸಿಯಾದ ಸೌದೆಗೆ ಒಮ್ಮೆಲೇ ಗಾಳಿ ಕಟ್ಟಿದರೆ ಅನಿಲ ಒಳಗೆ ತುಂಬಿಕೊಂಡು ಬಾಗಿಲು ತೆರೆದಾಗ ಭುಗ್ ಎಂದು ಮುಖಕ್ಕೆ ಬರಬಹುದು. ಆ ರಾತ್ರಿ ಹಾಗೆ ಮುಚ್ಚುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ದಿನನಿತ್ಯದ ರೂಢಿಗೆ ಅದು ಬೇಡ. ಸೌದೆ ಹಾಕಿದವರು ಹದಿನೈದು ನಿಮಿಷ ಒಲೆ ಬಿಟ್ಟು ಏಳುವಂತಿಲ್ಲ. ಮಗು ಅತ್ತರೆ ಇನ್ನೊಬ್ಬರು ಹೋಗಬೇಕು. ಮನೆಯಲ್ಲಿ ಜಗಳವಾದದ್ದು ಈ ನಿಯಮಕ್ಕೇ ಜಾಸ್ತಿ.

ಬೂದಿಯ ಬಗ್ಗೆ ಅಮ್ಮನಿಗೆ ಬೇರೆ ಆಸೆಯಿತ್ತು. ಇಷ್ಟು ಒಳ್ಳೆಯ ಮರದ ಬೂದಿ, ಪಾತ್ರೆ ತಿಕ್ಕಲು ಕಾಗದದ ಚೀಲದಲ್ಲಿ ತುಂಬಿಡೋಣ ಎಂದಳು. ಬೂದಿಯಡಿಯ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದುಕೊಂಡಿರುತ್ತದೆ. ಮುಚ್ಚಳದ ತಗಡಿನ ಬಕೆಟ್‌ಗೆ ಹಾಕಿ, ಮನೆಯಿಂದ ಹತ್ತಡಿ ಆಚೆ, ಹಿಮದ ಮೇಲೆ ಇಟ್ಟೆವು. ಮರದ ಜಗಲಿಯ ಮೇಲೆ ಇಡುವಂತಿಲ್ಲ. ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಾಕಲು ಒಂದು ಸೌಟು ಕೆಂಡ ಕೊಡು ಎಂದೂ ಕೇಳಿದ್ದಳು. ಅದನ್ನೂ ಕೊಡಲಿಲ್ಲ. ನಮ್ಮೂರಿನ ಹೆಂಚಿನ ಮಾಡಿನಲ್ಲಿ ನೂರು ಸಂದಿ, ಕೆಂಡದ ವಿಷಗಾಳಿ ಹೇಗೋ ಹೊರಗೆ ಹೋಗುತ್ತದೆ. ಇಲ್ಲಿಯ ಮನೆ ಚಳಿಗೆಂದು ಡಬ್ಬದ ಹಾಗೆ ಬಿಗಿದದ್ದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಊರಿನಲ್ಲೂ ಈಗ ಕಾಂಕ್ರೀಟ್ ಮನೆ, ಮುಚ್ಚಿದ ಕಿಟಕಿ. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುವವರು ಇದನ್ನು ಯೋಚಿಸಲೇಬೇಕು. ನಮ್ಮಲ್ಲಿ ಮಲಗುವ ಕೋಣೆಯ ಹೊರಗೆ ಅದರ ಅಲಾರಂ ಇದೆ, ಬ್ಯಾಟರಿಯದ್ದು, ಕರೆಂಟ್ ಹೋದರೂ ಕೂಗುತ್ತದೆ.

ಅಮ್ಮ ಊರಿಗೆ ಹೋದಳು. ಹತ್ತು ರೂಪಾಯಿ ನೋಟು ಇಲ್ಲೇ ಉಳಿಯಿತು, ಬೆಂಕಿಪೊಟ್ಟಣದ ಡಬ್ಬದಲ್ಲಿ. ಪ್ರತಿ ಅಕ್ಟೋಬರ್ ಅದನ್ನು ತೆಗೆದು ಬಾಗಿಲಿನ ನಾಲ್ಕೂ ಬದಿಗೆ ಇಟ್ಟು ಎಳೆದು ನೋಡುತ್ತೇವೆ. ಹೋದ ಸಲ ಮೇಲಿನ ಎಡ ಮೂಲೆಯಲ್ಲಿ ಸ್ವಲ್ಪ ಸಲೀಸಾಗಿ ಬಂತು. ಹಗ್ಗ ತರಿಸಿ ಬದಲಾಯಿಸುವವರೆಗೆ ಒಂದು ವಾರ ಗ್ಯಾಸಿನಲ್ಲೇ ಕಾಲ ಹಾಕಿದೆವು.